ಟೈರಿನೊಳಗೆ ನೊಣ ಕೂರಿಸುವುದು

ಕಲಿಸಿ ಅಭ್ಯಾಸವಾದವನು ಮತ್ತೆ ಕಲಿಯಲು ಹೋಗಬಾರದು. ಹೋದರೂ ತನ್ನ ಹಳೆಯ ಶಿಷ್ಯನ ಹತ್ತಿರ ಹೋಗಬಾರದು. ಹೋಗಲೇಬೇಕಾಗಿ ಬಂದರೆ ಹೆಂಡತಿಯನ್ನಂತೂ ಜೊತೆಗೆ ಕರೆದುಕೊಂಡು ಹೋಗಬಾರದು. ಈ ಮೂರು ತಪ್ಪನ್ನೂ ನಾನು ಒಂದೇ ಭಾನುವಾರ ಬೆಳಿಗ್ಗೆ ಮಾಡಿದೆ. ಮೂವತ್ತೊಂದು ವರ್ಷ ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟರಾಗಿದ್ದವನು ನಾನು. ಗುಂಡು, ಚಕ್ರ, ಭರ್ಜಿ ಎಸೆಯುವುದನ್ನು ಎಷ್ಟು ಮಕ್ಕಳಿಗೆ ಕಲಿಸಿದ್ದೇನೋ ಲೆಕ್ಕವಿಲ್ಲ. ಅಂಥ ತೋಳಿಗೆ ಒಂದು ನೊಣವನ್ನು ಎಸೆಯಲು ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತಾದರೆ ಕೋಪ ಬರದೆ ಇನ್ನೇನು ಬರಬೇಕು?

ನೊಣ ಎಂದರೆ ನಿಜವಾದ ನೊಣವಲ್ಲ. ಫ್ಲೈ ಫಿಶಿಂಗ್ ಎಂಬ ಮೀನು ಹಿಡಿಯುವ ಆಟದಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸುವುದಿಲ್ಲ. ಪುಕ್ಕ, ನೂಲು ಸುತ್ತಿ ನೊಣದಂತೆ ಮಾಡಿದ್ದನ್ನು ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ಕೋಲಿನ ತುದಿಯ ದಪ್ಪನೆಯ ದಾರವನ್ನೇ, ಅಂದರೆ ಲೈನನ್ನೇ, ಮೊದಲು ಬೆನ್ನ ಹಿಂದಕ್ಕೆ ಬೀಸಿ, ಅದು ಅಲ್ಲಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ತರಬೇಕು. ಹಿಡಿದ ಮೀನನ್ನು ಮುತ್ತಿಟ್ಟಷ್ಟು ಪ್ರೀತಿಯಿಂದ ಮತ್ತೆ ನೀರಿಗೇ ಬಿಡಬೇಕು. ಇದನ್ನು ಕಲಿಸುವವನು ಮಂಜುನಾಥ. ಘಾಟಿ ದೇವಸ್ಥಾನದ ಕಡೆ ಅವನ ತೋಟದಲ್ಲಿ ಒಂದು ದೊಡ್ಡ ಹೊಂಡವಿದೆ. ಒಂಬತ್ತನೇ ಕ್ಲಾಸಿನಲ್ಲಿ ಅವನ ತೋಳಿನಲ್ಲಿ ಕಸುವಿಲ್ಲವೆಂದು ಭರ್ಜಿ ತಂಡದಿಂದ ನಾನೇ ತೆಗೆದುಹಾಕಿದ್ದೆ. ಅವನಿಗೆ ಅದು ನೆನಪಿದೆಯೋ ಇಲ್ಲವೋ, ಒಂದು ದಿನವೂ ಬಾಯಿ ಬಿಡಲಿಲ್ಲ. ನೆನಪಿಸಿ ನಾಲ್ಕು ಮಾತು ಆಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಎಂಟು ಭಾನುವಾರದ ಪಾಠಕ್ಕೆ ನಮ್ಮಿಬ್ಬರ ಹೆಸರನ್ನೂ ಬರೆಸಿದವಳು ನನ್ನ ಹೆಂಡತಿ ರತ್ನ. ಪಾಠ ಮುಗಿದ ಮೇಲೆ ಕೊಡಗಿನ ಹೊಳೆಯೊಂದಕ್ಕೆ ಎರಡು ದಿನದ ಪ್ರವಾಸ. ಆದರೆ ಹೊಂಡದಲ್ಲಿ ನಲವತ್ತು ಅಡಿ ದೂರ ತೇಲಿಬಿಟ್ಟ ಸೈಕಲ್ ಟೈರಿನೊಳಗೆ ನೊಣ ಕೂರಿಸಿದವರಿಗೆ ಮಾತ್ರ. ನಾನು ಪ್ರತಿ ರಜೆಯಲ್ಲೂ ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಶಾಲೆಯ ಮಕ್ಕಳನ್ನು ಊರೂರು ಸುತ್ತಿಸಿದವನು. ಹೆಂಡತಿಯನ್ನು ಶಿವಗಂಗೆ ಬೆಟ್ಟ ಹತ್ತಿಸಿದ್ದು ಬಿಟ್ಟರೆ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಹಾಗಾಗಿ ಈ ಪ್ರವಾಸ ನಮ್ಮ ಮನೆಯಲ್ಲಿ ಸಣ್ಣ ವಿಷಯವಾಗಿರಲಿಲ್ಲ.

ರತ್ನ ಮೂರನೇ ಭಾನುವಾರವೇ ಟೈರಿನೊಳಗೆ ನೊಣ ಕೂರಿಸಿಬಿಟ್ಟಳು. ಒದ್ದೆ ಸೀರೆಯನ್ನು ತಂತಿಯ ಮೇಲೆ ಎಸೆದು ಅದು ಹರಡಿಕೊಳ್ಳಲೆಂದು ನಿಲ್ಲುತ್ತಾಳಲ್ಲ, ಹಾಗೆಯೇ ನಿಂತಳು, ಹಾಗೆಯೇ ಬೀಸಿದಳು. ನಾನು ಬೀಸಿದ್ದು ನನ್ನ ಕಾಲ ಬುಡದಲ್ಲಿ ಶಾವಿಗೆಯಂತೆ ಬಿತ್ತು. ಇನ್ನಷ್ಟು ಬಲ ಹಾಕಿದೆ. ಕಿವಿಗೆ ಬಡಿಯಿತು. ಮತ್ತಷ್ಟು ಹಾಕಿದೆ. ಚಾಟಿಯಂತೆ ಛಟೀರ್ ಎಂದು ನೊಣವೇ ಕಿತ್ತುಹೋಯಿತು. ಮಂಜುನಾಥ ಪ್ರತಿ ಸಲವೂ ಹೊಸದನ್ನು ಕಟ್ಟಿಕೊಡುತ್ತ, ಪರವಾಗಿಲ್ಲ ಸಾರ್, ಹಿಂದೆ ಸ್ವಲ್ಪ ಕಾಯಬೇಕು ಸಾರ್ ಎನ್ನುತ್ತಿದ್ದ. ಆ ತಾಳ್ಮೆ ನನಗೆ ಬೆಂಕಿಗೆ ತುಪ್ಪ ಸುರಿದಂತೆ ಆಗುತ್ತಿತ್ತು.

ಅಂದು ಮನೆಗೆ ಬರುವಾಗ ಬಸ್ಸಿನಲ್ಲಿ ರತ್ನ ಸಮಾಧಾನವಾಗಿ ಹೇಳಿದಳು: "ನೀವೂ ಬಂದ್ರೆ ಸಂತೋಷ. ಬರಕ್ಕಾಗ್ಲಿಲ್ಲ ಅಂದ್ರೆ ಫ್ರಿಜ್ಜಲ್ಲಿ ಎರಡು ದಿನದ ಸಾರು ಇಟ್ಟು ಹೋಗ್ತೀನಿ." ನಾನು ಕ್ರೀಡಾಕೂಟಗಳಿಗೆ ಹೊರಟಾಗ ಇಷ್ಟು ಸೌಜನ್ಯವನ್ನೂ ತೋರಿಸಿದವನಲ್ಲ. ಆ ಸಾರಿನ ಪಾತ್ರೆ ಕಣ್ಣೆದುರು ಬಂದು ನನಗೆ ನಿಜವಾಗಿ ಭಯವಾಯಿತು. ಭಯವಾದಾಗ ನನಗೆ ತೋರಿಸಲು ಗೊತ್ತಿರುವುದು ಕೋಪವೊಂದೇ.

ಮರುದಿನದಿಂದ ತಾರಸಿಯ ಮೇಲೆ ಅಭ್ಯಾಸ ಶುರುಮಾಡಿದೆ. ನೊಣದ ಬದಲು ಉಣ್ಣೆಯ ತುಂಡು. ಎದುರುಮನೆಯವರ ಸಂಡಿಗೆಯ ಮೇಲೆ ಬಿತ್ತು, ನೀರಿನ ಟ್ಯಾಂಕಿಗೆ ಸುತ್ತಿಕೊಂಡಿತು. ಬೀದಿಯಲ್ಲಿ ಹೋಗುವವರು ಗಾಳಿಪಟವಾ ಸಾರ್ ಎಂದು ಕೇಳಿದರು. ನಾಲ್ಕನೇ ದಿನ ಬಟ್ಟೆ ತೆಗೆಯಲು ಬಂದ ರತ್ನ ಸ್ವಲ್ಪ ಹೊತ್ತು ನೋಡಿ, ನೀವು ಮಗ್ಗದ ತಾಳಕ್ಕೆ ಬೀಸುತ್ತಿದ್ದೀರಿ ಎಂದಳು. ನಮ್ಮ ಮನೆಗೆ ಅಂಟಿಕೊಂಡೇ ವೆಂಕಟೇಶಪ್ಪನ ಮಗ್ಗಗಳಿವೆ. ಬೆಳಗಿನಿಂದ ಟಕಟಕ ಟಕಟಕ. ನಮ್ಮೂರಿನಲ್ಲಿ ಹುಟ್ಟಿದವರು ತರಕಾರಿ ಹೆಚ್ಚುವುದೂ, ಹಲ್ಲುಜ್ಜುವುದೂ ಆ ತಾಳಕ್ಕೇ. ನನ್ನ ಕೈಯೂ ಅದಕ್ಕೇ ಹೋಗಿ ಬರುತ್ತಿತ್ತು. ಮಗ್ಗದ ಲಾಳಿ ಎಲ್ಲಿಯೂ ನಿಂತು ಕಾಯುವುದಿಲ್ಲವಲ್ಲ.

ಅವಳು ಹೇಳಿದ್ದು ಸರಿ ಎಂದು ಗೊತ್ತಾದದ್ದರಿಂದ ಕೋಪ ಇಮ್ಮಡಿಯಾಯಿತು. ನೇರವಾಗಿ ವೆಂಕಟೇಶಪ್ಪನ ಮನೆಗೆ ಹೋಗಿ, ದಿನಾ ಬೆಳಿಗ್ಗೆ ಒಂದು ಗಂಟೆ ಮಗ್ಗ ನಿಲ್ಲಿಸಬೇಕೆಂದೆ. ಯಾಕೆ ಎಂದ. ಮೀನು ಹಿಡಿಯಲು ಎಂದೆ. ತಾರಸಿಯ ಮೇಲಾ ಎಂದ. ಹಿಡಿದ ಮೀನನ್ನು ಬಿಟ್ಟುಬಿಡುತ್ತೇವೆ ಎಂದು ಬಾಯಿತಪ್ಪಿ ಹೇಳಿದೆ. ಅಲ್ಲಿಗೆ ನನ್ನ ಮಾನ ಪೂರ್ತಿ ಹೋಯಿತು. ಆದರೂ ಬಿಡದೆ, ನೆರೆಹೊರೆಯ ಧರ್ಮದ ಬಗ್ಗೆ ದೊಡ್ಡ ಭಾಷಣ ಬಿಗಿದೆ. ಅವನು ನೂಲಿನ ಎಳೆ ಕೂಡಿಸುತ್ತಲೇ ಹೇಳಿದ: "ಮೇಷ್ಟ್ರೇ, ನನ್ನ ಮಗ್ಗ ನಿಂತ್ರೆ ನಮ್ಮನೆ ಒಲೆ ನಿಲ್ತದೆ. ನಿಮ್ ಗಾಳ ನಿಂತ್ರೆ ಏನ್ ನಿಲ್ತದೆ, ಹೇಳಿ ನೋಡಣ?" ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಗಾದೆಯನ್ನು ಮನೆಗೆ ಬಂದಮೇಲೆ ರತ್ನ ಹೇಳಲಿಲ್ಲ. ಹೇಳದೆ ಕಾಫಿ ಕೊಟ್ಟದ್ದು ಇನ್ನೂ ಉರಿಸಿತು.

ಎಂಟನೇ ಭಾನುವಾರ ಬಂತು. ಮೂರು ಅವಕಾಶ. ಪ್ರವಾಸಕ್ಕೆ ಹೊರಡುವವರೆಲ್ಲ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲನೆಯದು ಕಾಲ ಬುಡಕ್ಕೆ. ಎರಡನೆಯದು ಛಟೀರ್. ಮಂಜುನಾಥ ತಲೆ ತಗ್ಗಿಸಿ ಇನ್ನೊಂದು ನೊಣ ಕಟ್ಟಿದ. ಅವನ ಮುಖದಲ್ಲಿ ಸಂತೋಷವಿದೆಯೇ ಎಂದು ಹುಡುಕಿದೆ, ಪಾಪ, ಮರುಕವಿತ್ತು. ಹಲ್ಲು ಕಚ್ಚಿಕೊಂಡು ಮೂರನೆಯದನ್ನು ಹಿಂದಕ್ಕೆ ಬೀಸಿದೆ. ಆಗಲೇ ಬೆನ್ನ ಹಿಂದಿನಿಂದ ರತ್ನ "ರೀ" ಎಂದಳು.

"ಸುಮ್ನಿರೇ," ಎಂದು ಗದರಿದೆ. ಗದರಿದ ಮೇಲೆ ಕೈ ಮುಂದಕ್ಕೆ ಬಂತು. ಲೈನು ಉದ್ದಕ್ಕೆ ಸುರುಳಿ ಬಿಚ್ಚುತ್ತ ಹೋಗಿ, ನೊಣ ಟೈರಿನ ನಡುವೆ ಸದ್ದಿಲ್ಲದೆ ಕೂತಿತು.

ಮಂಜುನಾಥ ಹತ್ತಿರ ಬಂದು, "ಇಷ್ಟೇ ಸಾರ್ ಕಾಯ್ಬೇಕಾಗಿದ್ದಿದ್ದು. ಆ ಒಂದ್ ಮಾತು ಹೇಳೋವಷ್ಟು ಹೊತ್ತು," ಎಂದ. ನಾನು ಗೆದ್ದ ಗತ್ತಿನಲ್ಲಿ ತಿರುಗಿ, ಏನೋ ಹೇಳಲು ಬಂದೆಯಲ್ಲ, ಏನು ಎಂದು ರತ್ನಳನ್ನು ಕೇಳಿದೆ.

"ಸ್ವಲ್ಪ ತಡೀರಿ ಅಂತ ಹೇಳೋಕ್ ಬಂದೆ. ಹೇಳಕ್ ಬಿಟ್ರೆ ತಾನೆ," ಎಂದಳು. ಹೊಳೆಯ ಹತ್ತಿರ ಆ ‘ಸುಮ್ನಿರೇ’ ಬೇಕೇಬೇಕಾದರೆ ನಿಮಗೆ ನೀವೇ ಹೇಳಿಕೊಳ್ಳಿ, ನನ್ನ ಕಡೆ ತಿರುಗುವ ಹಾಗಿಲ್ಲ ಎಂದು ಎಲ್ಲರ ಮುಂದೆ ಷರತ್ತನ್ನೂ ಹಾಕಿದಳು.

ಹಾಗಾಗಿ ಕೊಡಗಿನಲ್ಲಿ ಎರಡು ದಿನ ಮೊಣಕಾಲುದ್ದದ ನೀರಿನಲ್ಲಿ ನಿಂತು, ಪ್ರತಿ ಬೀಸಿಗೂ ಸುಮ್ನಿರೋ, ಸುಮ್ನಿರೋ ಎಂದು ನನ್ನನ್ನು ನಾನೇ ಗದರಿಕೊಂಡೆ. ರತ್ನ ಮೂರು ಮೀನು ಹಿಡಿದು ಬಿಟ್ಟಳು. ನನಗೆ ಒಂದೂ ಸಿಗಲಿಲ್ಲ. ನಿಮ್ಮ ಬೈಗುಳ ತಮಗೇ ಅಂದುಕೊಂಡು ಮೀನುಗಳೆಲ್ಲ ಸಾಲಾಗಿ ಎದ್ದು ಹೋಗಿರಬೇಕು ಎಂದಳು. ನನಗೆ ಕೋಪ ಬಂತು. ಆದರೆ ಅದು ಬಾಯಿಗೆ ಬಂದು ಮುಟ್ಟುವಷ್ಟರಲ್ಲಿ ಅವಳು ಮಾತು ಪೂರ್ತಿ ಮುಗಿಸಿ ನಗುತ್ತಿದ್ದಳು. ನಮ್ಮ ಮದುವೆಯಾದ ಮೇಲೆ ಅವಳ ಒಂದು ವಾಕ್ಯವನ್ನು ನಾನು ಕೊನೆಯವರೆಗೆ ಕೇಳಿದ್ದು ಬಹುಶಃ ಅದೇ ಮೊದಲು.