ಮಗಳ ಟ್ಯೂಷನ್ನು, ಅಪ್ಪನ ಮಂಡಿನಡುಕ

ನಮ್ಮ ಸೋದರತ್ತೆಯ ಮುಂದೆ ಹುಲಿಯನ್ನು ತಂದು ಕೂರಿಸಿದರೆ ಅದೂ ಹದಿನೇಳರ ಮಗ್ಗಿ ಒಪ್ಪಿಸಿ, ಅಪ್ಪಣೆ ಪಡೆದೇ ಬಾಲ ಅಲ್ಲಾಡಿಸೀತು ಎಂದು ಕಲ್ಯಾಣದುರ್ಗದಲ್ಲಿ ಪ್ರತೀತಿ. ಹುಲಿಯ ವಿಚಾರ ನನಗೆ ತಿಳಿಯದು. ಹಿಂದೂಪುರದಲ್ಲಿ ಸ್ವಂತ ಬಟ್ಟೆ ಅಂಗಡಿ ಇಟ್ಟಿರುವ, ಬೀದಿಯವರೆಲ್ಲ ‘ಅಣ್ಣಾ’ ಎಂದು ಕೈ ಮುಗಿಯುವ ನಾನಂತೂ ಹಾಗೆಯೇ ನಡೆದುಕೊಂಡಿದ್ದೇನೆ.

ಅತ್ತೆ ರಿಟೈರಾದ ಟೀಚರಮ್ಮ. ಮನೆಯಲ್ಲಿ ಲೆಕ್ಕ ಮತ್ತು ಇಂಗ್ಲಿಷ್ ಹೇಳಿಕೊಡುತ್ತಾರೆ, ಒಂದು ಹೊತ್ತಿಗೆ ಒಂದೇ ಮಗುವಿಗೆ. ಗುಂಪು ಪಾಠಕ್ಕೆ ಅವರಿಟ್ಟ ಹೆಸರು ‘ಕುರಿ ಮೇಯ್ಸೋದು’. ಇಷ್ಟೇ ಆಗಿದ್ದರೆ ಲೋಕ ಸುಖವಾಗಿರುತ್ತಿತ್ತು. ಆದರೆ ಅವರದೊಂದು ಶಾಸನವಿದೆ: ಮಗುವಿನ ಪಕ್ಕದಲ್ಲಿ ಮನೆಯ ದೊಡ್ಡವರೊಬ್ಬರು ಚಾಪೆಯ ಮೇಲೆ ಕೂರಬೇಕು. ಮೊದಲ ಪ್ರಶ್ನೆ ದೊಡ್ಡವರಿಗೆ!

ನಿವೃತ್ತ ಪೊಲೀಸರೊಬ್ಬರು ಮೊಮ್ಮಗನನ್ನು ಬಾಗಿಲಲ್ಲಿ ಇಳಿಸಿ, ಬೈಕಿನ ಇಂಜಿನ್ ಕೂಡ ಆರಿಸದೆ ಪರಾರಿಯಾದರು. ಕಳ್ಳರು ನೋಡಿ ಕಲಿಯಬೇಕಾದ ವೇಗ! ಕಂಬದೂರಿನ ಕಡಲೆಕಾಯಿ ವ್ಯಾಪಾರಿಯೊಬ್ಬರು ಮಾತ್ರ ಧೈರ್ಯ ಮಾಡಿ ಕೂತರು.

“ಬೆಳಿಗ್ಗೆ ಏನ್ ತಿಂದೆ? ಇಂಗ್ಲಿಷ್‌ನಾಗೆ ಹೇಳಪ್ಪ.”

ಮುದ್ದೆಗೆ ಇಂಗ್ಲಿಷನ್ನು ಎಲ್ಲಿಂದ ತರುವುದು? “ಬ್ರೆಡ್, ಮೇಡಂ,” ಎಂದರು.

“ಬ್ರೆಡ್ಡಿಗೆ ಹುರುಳಿ ಸಾರು ನೆಂಚ್ಕಂಡ್ಯಾ? ಮೀಸೆ ಸಾಕ್ಷಿ ಹೇಳ್ತೈತೆ ಕಣಪ್ಪ.”

ಅವರ ಮಗ ಚಾಪೆಯ ಮೇಲೆ ಉರುಳಾಡಿ ನಕ್ಕನಂತೆ.

ಈ ಕಥೆಗೆ ನಾನೂ ನಕ್ಕಿದ್ದೆ, ನನ್ನ ಸರದಿ ಬರುವ ತನಕ. ಒಂಬತ್ತನೇ ಕ್ಲಾಸಿನ ನನ್ನ ಮಗಳಿಗೆ ಲೆಕ್ಕದ ಪೇಪರ್ ಕಂಡರೆ ಬೆರಳು ಸೆಟೆದುಕೊಳ್ಳುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಬಂದವಳು, “ಇನ್ನ ಸ್ಕೂಲಿಗೆ ಹೋಗಲ್ಲಪ್ಪಾ,” ಎಂದಳು. ಹಠವಾಗಿದ್ದರೆ ಗದರಬಹುದಿತ್ತು. ಅದು ಭಯ. ಭಯಕ್ಕೇನು ಮದ್ದು? ಅದಕ್ಕಿಂತ ದೊಡ್ಡ ಭಯವೇ ಇರಬೇಕೆಂದು ಭಾನುವಾರ ಕಲ್ಯಾಣದುರ್ಗದ ಬಸ್ಸು ಹತ್ತಿಸಿದೆ. ಪೆನುಕೊಂಡದ ಕೋಟೆ ಕಂಡಾಗ ಅಲ್ಲೇ ಇಳಿದು ಒಳಗೆ ಅಡಗಿಕೊಳ್ಳೋಣ ಎನ್ನಿಸಿದ್ದು ಮಗಳಿಗಲ್ಲ, ನನಗೆ.

“ಏಳ್ಲಾ,” ಎಂದರು ಅತ್ತೆ, ನನ್ನ ಕೈಗೆ ಚಾಕ್‌ಪೀಸು ಕೊಟ್ಟು. “ಅರ್ಧಕ್ಕೆ ಮೂರನೇ ಒಂದು ಕೂಡು.”

ದಿನಬೆಳಗಾದರೆ ಬಟ್ಟೆ ಅಳೆಯುವವನು ನಾನು! ಆದರೂ ಬೋರ್ಡಿನ ಮುಂದೆ ಮಂಡಿ ನಡುಗಿತು, ಚಾಕ್‌ಪೀಸು ಮುರಿಯಿತು. ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಕೂಡಿ ‘ಐದನೇ ಎರಡು’ ಎಂದು ಬರೆದೆ.

“ಅಯ್ಯೋ ನಾಯನಾ! ಅರ್ಧಕ್ಕೆ ಇನ್ನೊಂದಿಷ್ಟು ಸೇರ್ಸಿದ್ರೆ ಅರ್ಧಕ್ಕಿಂತ ಕಮ್ಮಿ ಆಯ್ತೈತೇನ್ಲಾ? ನಿನ್ನಂಗ್ಡೀಲಿ ಬಟ್ಟೆ ತಗಂಡೋರು ಏನ್ ಉಟ್ಕಂಡಾರು?”

ಬೆವರು ಕಣ್ಣಿಗಿಳಿಯಿತು. ಆಗ ಪಕ್ಕದಲ್ಲಿ ಕಿಸಕ್ಕೆಂದ ಸದ್ದು. ಮಗಳು!

“ಕೊಡಪ್ಪಾ ಇಲ್ಲಿ,” ಎಂದು ಚಾಕ್‌ಪೀಸು ಕಸಿದು, ಸರಸರನೆ ‘ಆರನೇ ಐದು’ ಬರೆದಳು.

ಅತ್ತೆ ಹೊಗಳಲಿಲ್ಲ. “ಹೂಂ. ನಿಮ್ಮಪ್ಪಂಗೆ ತಿಳಿಯಂಗೆ ಹೇಳ್ಕೊಡಮ್ಮ,” ಎಂದರು. ಅಲ್ಲಿಂದ ಪ್ರತಿ ಭಾನುವಾರ ಅದೇ ಕ್ರಮ: ನಾನು ತಪ್ಪುವುದು, ಮಗಳು ತಿದ್ದುವುದು. ನನ್ನ ಭಯ ವಾರದಿಂದ ವಾರಕ್ಕೆ ಬೆಳೆಯಿತು. ಅವಳದು ಎಲ್ಲಿ ಹೋಯಿತೆಂದು ನೋಡುವಷ್ಟು ಪುರುಸೊತ್ತು ನನಗಿರಲಿಲ್ಲ.

ವಾರ್ಷಿಕ ಲೆಕ್ಕದ ಪರೀಕ್ಷೆಯ ಬೆಳಿಗ್ಗೆ ಹಿಂದೂಪುರದ ಸ್ಕೂಲಿನ ಗೇಟಿನ ಬಳಿ, ಬೇವಿನ ಮರದಡಿ, ಅತ್ತೆ ನಿಂತಿದ್ದರು! ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಬಂದುಬಿಟ್ಟಿದ್ದರು. ಸೆರಗಿನ ತುದಿಗೆ ಗಂಟು ಹಾಕುವುದು, ಬಿಚ್ಚುವುದು.

“ಹೆದ್ರಿಕೆ ಆಯ್ತೈತೆ ಕಣ್ಲಾ.”

“ನಿಮ್ಗಾ ಅತ್ತೆ?”

“ಎಲ್ಲಾ ಮಕ್ಕಳ ಪರೀಕ್ಷೇಗೂ ಆಯ್ತೈತೆ. ಆ ಹೆದ್ರಿಕೇನ ಮಗು ಹೊರ್ಬಾರ್ದು ಅಂದ್ರೆ ದೊಡ್ಡೋರು ಯಾರಾನ ಹೊರ್ಬೇಕಲ್ಲ.”

ಗೇಟು ದಾಟಿದ್ದ ಮಗಳು ತಿರುಗಿ ನಮ್ಮಿಬ್ಬರನ್ನು ನೋಡಿದಳು. ವಾಪಸು ಬಂದು ತನ್ನ ನೀರಿನ ಬಾಟಲಿ ನನ್ನ ಕೈಗಿಟ್ಟಳು. “ಇಬ್ರೂ ನೀರ್ ಕುಡೀರಿ. ಅಜ್ಜೀ, ಅಪ್ಪನ್ನ ನೋಡ್ಕಳಿ. ಬರ್ದು ಬತ್ತೀನಿ.” ಮತ್ತೆ ತಿರುಗಿ ನೋಡಲಿಲ್ಲ.

ಬೆಲ್ ಹೊಡೆಯಿತು. ಹುಲಿಯಿಂದ ಮಗ್ಗಿ ಹೇಳಿಸುವ ಅತ್ತೆ ನನ್ನ ಕೈ ಹಿಡಿದುಕೊಂಡರು. ಅವರ ಬೆರಳುಗಳು ಐಸಿನಂತೆ ತಣ್ಣಗಿದ್ದವು. ನಾನು ಮೆಲ್ಲಗೆ ಹದಿನೇಳರ ಮಗ್ಗಿ ಶುರು ಮಾಡಿದೆ. ನಡುವೆ ಎಲ್ಲೋ ತಪ್ಪಿದೆ.

ಅತ್ತೆ ತಿದ್ದಲಿಲ್ಲ.