ಗುಲಾಬಿಯ ಮೇಲೆ ನಮ್ಮ ದೊಡ್ಡಪ್ಪ

ಕುದುರೆ ಸ್ಪರ್ಧೆಗಳಲ್ಲಿ ನಮ್ಮ ದೊಡ್ಡಪ್ಪನಷ್ಟು ಚೆಂದವಾಗಿ ಸೋತವರು ದಾವಣಗೆರೆ ಸೀಮೆಯಲ್ಲೇ ಇನ್ನೊಬ್ಬರಿಲ್ಲ! ಇದನ್ನು ನಾನು ಎದೆ ತಟ್ಟಿ ಹೇಳಬಲ್ಲೆ. ಗೆದ್ದವರ ಹೆಸರು ಯಾರಿಗೆ ನೆನಪಿದೆ ಹೇಳಿ? ದೊಡ್ಡಪ್ಪ ಸೋತ ಬಗೆಯನ್ನು ಮಾತ್ರ ಹರಿಹರದ ಚಹಾದಂಗಡಿಗಳಲ್ಲಿ ಈಗಲೂ ಎದ್ದು ನಿಂತು ಅಭಿನಯಿಸಿ ತೋರಿಸುತ್ತಾರೆ.

ಹಾಗಂತ ಅವನೇನು ಹುಟ್ಟು ಸವಾರನಲ್ಲ. ಸ್ಟೀಲ್ ಪಾತ್ರೆ ಅಂಗಡಿ ಇಟ್ಟವನು. ಅರವತ್ತು ದಾಟಿದ ಮೇಲೆ ಅಂಗಡಿಯನ್ನು ಮಗನ ಕೈಗೆ ಕೊಟ್ಟ. ಇನ್ನು ಎಸ್.ಎಸ್. ಬಡಾವಣೆಯ ಪಾರ್ಕಿನಲ್ಲಿ ವಾಕಿಂಗ್ ಮಾಡಿಕೊಂಡು, ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದುಕೊಂಡು ಸುಖವಾಗಿರುತ್ತಾನೆ ಅಂತ ನಾವೆಲ್ಲ ಅಂದುಕೊಂಡಿದ್ದರೆ, ಒಂದು ದಿನ ಹರಿಹರದ ಮದುವೆ ಬ್ಯಾಂಡಿನವರಿಂದ ಹೆಣ್ಣು ಕುದುರೆಯೊಂದನ್ನು ಕೊಂಡುಬಿಟ್ಟ! ಬಣ್ಣ ಬಿಳಿ, ಹೆಸರು ಗುಲಾಬಿ. ಎಷ್ಟೋ ಮದುಮಕ್ಕಳನ್ನು ಹೊತ್ತು ಮೆರೆಸಿದ ಅನುಭವಸ್ಥೆ.

"ದೊಡ್ಡಪ್ಪ, ಈ ವಯಸ್ಸಿನಾಗ ನಿಂಗೆ ಇದೆಲ್ಲ ಯಾಕ?" ಅಂತ ಕೇಳಿದೆ.

"ಹವ್ಯಾಸಿಗಳ ಸ್ಪರ್ಧೆ ಅಂತ ಮಾಡ್ತಾರಲ್ಲೋ, ಅದ್ರಾಗ ಒಂದೇ ಒಂದ್ಸಲ, ಬೀಳದಂಗೆ ನಿಲ್ಲದಂಗೆ ಪೂರಾ ಸುತ್ತು ಹೊಡೆದು ಗೆರೆ ದಾಟಬೇಕು," ಅಂದ. ಆಮೇಲೆ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದ. "ನಿಮ್ಮ ದೊಡ್ಡಮ್ಮ ಅದನ್ನ ನೋಡಬೇಕು."

ಅಲ್ಲೇ ಇತ್ತು ತೊಡಕು! ದೊಡ್ಡಮ್ಮನ ಮುಂದೆ ಕುದುರೆಯ ಮಾತು ಎತ್ತುವಂತೆಯೇ ಇಲ್ಲ. ಅದಕ್ಕೆ ಕಾರಣ ನಮ್ಮ ಮನೆತನಕ್ಕೆಲ್ಲ ಗೊತ್ತು. ಅವಳ ತವರು ಮಾಯಕೊಂಡ. ಮದುವೆಯ ದಿನ ಅವರಪ್ಪ ಮದುಮಗನಿಗೆಂದು ಎಲ್ಲಿಂದಲೋ ಕುದುರೆ ತರಿಸಿದ್ದರಂತೆ. ಅದು ಒಂದು ಸಲ ಕೆನೆಯಿತು, ನೋಡಿ! ನಮ್ಮ ದೊಡ್ಡಪ್ಪನಿಗೆ ಆಗಿಂದಾಗಲೇ ಹೊಟ್ಟೆನೋವು ಶುರುವಾಯಿತು. ಯಾರು ಎಷ್ಟು ಬೇಡಿಕೊಂಡರೂ ಹತ್ತಲೊಲ್ಲ. ಕೊನೆಗೆ ಸೋದರಮಾವನ ಲೂನಾ ಹಿಂದೆ ಕೂತು, ಬಾಸಿಂಗ ಹಾರಿಹೋಗದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು ಮದುವೆಮನೆಗೆ ಬಂದ. ಮುಂದೆ ಬ್ಯಾಂಡು, ಅದರ ಹಿಂದೆ ಖಾಲಿ ಕುದುರೆ, ಅದರ ಹಿಂದೆ ಬುಡುಬುಡು ಲೂನಾ! "ನಮ್ಮೋರು ಕುದುರಿ ಮ್ಯಾಲೆ ಬರ್ತಾರೆ" ಅಂತ ಗೆಳತಿಯರನ್ನೆಲ್ಲ ಮಾಳಿಗೆ ಹತ್ತಿಸಿ ನಿಲ್ಲಿಸಿದ್ದ ದೊಡ್ಡಮ್ಮನ ಗತಿ ಏನಾಗಿರಬೇಡ? ಅವಳು ಆವತ್ತೂ ಏನೂ ಅನ್ನಲಿಲ್ಲ, ಇವತ್ತಿನವರೆಗೂ ಏನೂ ಅಂದಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನುತ್ತಾನೆ ದೊಡ್ಡಪ್ಪ.

ಸರಿ, ತಾಲೀಮು ಶುರುವಾಯಿತು. ಬೆಳಿಗ್ಗೆ ಗುಲಾಬಿಯ ಮೇಲೆ, ಮಧ್ಯಾಹ್ನ ಅಂಗಡಿಯಲ್ಲಿ ಬೋರಲು ಹಾಕಿದ ದೊಡ್ಡ ಹಂಡೆಯ ಮೇಲೆ! ತಲೆಗೆ ಹೆಲ್ಮೆಟ್, ಕೈಯಲ್ಲಿ ನೈಲಾನ್ ಹಗ್ಗ, "ಎದೆ ಮುಂದೆ, ಹಿಮ್ಮಡಿ ಕೆಳಗೆ" ಅಂತ ತನಗೆ ತಾನೇ ಅಪ್ಪಣೆ. ಗಿರಾಕಿಯೊಬ್ಬರು ಬಂದು, "ಈ ಹಂಡೆ ಹೆಂಗ್ರಿ ಯಜಮಾನ್ರೆ?" ಅಂದರು.

"ಸ್ವಲ್ಪ ತಡೀರಿ, ಇನ್ನೂ ಓಡ್ತಾ ಐತೆ!"

ಮೊದಲ ಸ್ಪರ್ಧೆ ಹರಿಹರದಲ್ಲಿ. ಹಲ್ಲಿನ ಡಾಕ್ಟರು, ಡ್ರಿಲ್ ಮೇಷ್ಟ್ರು, ಕಾಲೇಜು ಹುಡುಗಿಯರು, ಸ್ಪರ್ಧಿಗಳೆಲ್ಲ ನಮ್ಮ ನಿಮ್ಮಂಥ ಜನವೇ. ದೊಡ್ಡಪ್ಪ ಮೈದಾನಕ್ಕಿಳಿದ. ಅಹಾ, ಏನು ಠೀವಿ! ಅಷ್ಟರಲ್ಲಿ ಯಾವ ಪುಣ್ಯಾತ್ಮನೋ ಮೈಕಿನಲ್ಲಿ ಬ್ಯಾಂಡಿನ ಹಾಡು ಹಾಕಿಬಿಟ್ಟ. ಗುಲಾಬಿಯ ಕಿವಿ ನೆಟ್ಟಗಾದವು. ನಿಂತಲ್ಲೇ ಕುಣಿಯತೊಡಗಿತು! ಜನರಿಗೆ ಇನ್ನೇನು ಬೇಕು? ಶಿಳ್ಳೆ, ಕೇಕೆ! ಒಬ್ಬನಂತೂ ಒಳಗೇ ನುಗ್ಗಿ ದೊಡ್ಡಪ್ಪನ ಮುಖಕ್ಕೆ ನೋಟು ನಿವಾಳಿಸಿದ. ತೀರ್ಪುಗಾರರು ಗಂಟೆ ಬಾರಿಸಿ ಹೊರಗೆ ಹಾಕಿದರೆ, ಇವನು ಜೀನಿನ ಮೇಲಿಂದಲೇ ಜಗಳಕ್ಕೆ ನಿಂತ. "ಕುಣಿದಿದ್ದಕ್ಕೆ ಬ್ಯಾರೆ ಮಾರ್ಕ್ಸ್ ಇಲ್ವೇನ್ರಿ?"

ಎರಡನೆಯದು ದಾವಣಗೆರೆಯಲ್ಲೇ ನಡೆಯಿತು. ಅಲ್ಲಿ ಮೈಕು ಸುಮ್ಮನಿತ್ತು. ಗುಲಾಬಿ ಗಾಳಿಯಂತೆ ಓಡಿತು. ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿಯೇ ಕೂಗಿದೆ! ಹಾರಿ ದಾಟಬೇಕಾದ ಅಡ್ಡಗೋಲಿನ ಹತ್ತಿರ ಬಂದ ಗುಲಾಬಿ ಗಕ್ಕನೆ ನಿಂತಿತು. ದೊಡ್ಡಪ್ಪ ನಿಲ್ಲಲಿಲ್ಲ. ಕೋಲಿಗೆ ಒಂದಿಷ್ಟೂ ತಾಗದಂತೆ ಆಚೆ ಹೋಗಿ ಬಿದ್ದ.

"ಸವಾರ ದಾಟ್ಯಾನೋ ಇಲ್ವೋ? ಅಷ್ಟು ಹೇಳ್ರಿ!" ಅಂತ ಬಿದ್ದಲ್ಲಿಂದಲೇ ಕೂಗಿದ. ಆ ರಾತ್ರಿ ಸೊಂಟಕ್ಕೆ ಎಣ್ಣೆ ತಿಕ್ಕುತ್ತ ದೊಡ್ಡಮ್ಮ ಒಂದೂ ಮಾತಾಡಲಿಲ್ಲವಂತೆ. ತಿಕ್ಕಿದ್ದು ಮಾತ್ರ ಸ್ವಲ್ಪ ಜೋರಾಗಿಯೇ ಇತ್ತಂತೆ.

ಹೀಗೆ ಸೋಲುತ್ತ ಸೋಲುತ್ತ ಇರುವಾಗ ಪಶುವೈದ್ಯರು ಗುಲಾಬಿಯ ಮೊಣಕಾಲು ಹಿಚುಕಿ ನೋಡಿ, "ವಯಸ್ಸಾತು ಯಜಮಾನ್ರೆ. ಕೊಂಡಜ್ಜಿ ಊರಿನ ಸ್ಪರ್ಧೆ ಒಂದು ಮುಗಿಸ್ರಿ, ಆಮೇಲೆ ಓಡಿಸಬ್ಯಾಡ್ರಿ," ಅಂದರು. ಬೇರೆ ಕುದುರೆ ಹತ್ತುವ ಧೈರ್ಯ ದೊಡ್ಡಪ್ಪನಿಗೆ ಇರಲಿಲ್ಲ. ಅಂದರೆ ಇದೇ ಕೊನೆಯ ಅವಕಾಶ. ಎರಡು ದಿನ ಊಟ ಸೇರಲಿಲ್ಲ ಅವನಿಗೆ. ಮೂರನೆಯ ದಿನ ದೊಡ್ಡಮ್ಮ ಮುಸುರೆ ತೊಳೆಯುತ್ತ, ನಮ್ಮ ಕಡೆ ತಿರುಗದೆ, "ನಾನೂ ಬರ್ತೀನಿ. ಪಾಪ, ದುಡಿದ ಜೀವ ಅದು. ಆರತಿ ಮಾಡಿ ಮನಿಗೆ ಕರಕೊಂಡು ಬರೋಣ," ಅಂದಳು.

ಕೊಂಡಜ್ಜಿಯ ಕೆರೆ ಪಕ್ಕದ ಮೈದಾನ. ದೊಡ್ಡಪ್ಪನ ಸರದಿ ಬಂತು. ಹೋಯಿತು ನೋಡಿ ಗುಲಾಬಿ! ಮೊದಲ ಕೋಲು ದಾಟಿತು, ಎರಡನೆಯದು ದಾಟಿತು, ದೊಡ್ಡಪ್ಪ ಜೀನಿನ ಮೇಲೇ ಇದ್ದ! ಮೂರನೆಯದೂ ದಾಟಿತು! ಇನ್ನೇನು ಗೆರೆ, ನಾಲ್ಕು ಮಾರು ದೂರ. ಹಗ್ಗದಾಚೆ ನಿಂತಿದ್ದ ದೊಡ್ಡಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ. ಆರತಿಗೆ ದೀಪ ಹಚ್ಚಿಕೊಂಡು, ತಟ್ಟೆ ಎತ್ತಿ ಮುಂದೆ ಬಂದುಬಿಟ್ಟಳು!

ಮದುವೆಯ ಕುದುರೆಯಲ್ಲವೇ ಅದು? ಜೀವಮಾನವೆಲ್ಲ ಕಲಿತದ್ದು ಒಂದೇ ಪಾಠ. ಹೆಣ್ಣುಮಗಳ ಕೈಯಲ್ಲಿ ಆರತಿ ತಟ್ಟೆ ಕಂಡರೆ ನಿಲ್ಲಬೇಕು, ಆರತಿ ಮುಗಿದು ಬಾಯಿಗೆ ಬೆಲ್ಲ ಬೀಳುವ ತನಕ ಕದಲಬಾರದು. ಗುಲಾಬಿ ಓಟ ನಿಲ್ಲಿಸಿ, ನೇರ ದೊಡ್ಡಮ್ಮನ ಎದುರಿಗೆ ಬಂದು, ತಲೆ ತಗ್ಗಿಸಿ ನಿಂತಿತು.

"ಹಿಮ್ಮಡಿಲೆ ಒದೀರಿ ಯಜಮಾನ್ರೆ! ಟೈಮ್ ಆಗ್ತೈತ್ರೀ!" ಅಂತ ಜನ ಕೂಗಿದರು. ನಾನೂ ಗಂಟಲು ಹರಿಯುವಂತೆ ಕೂಗಿದೆ. ದೊಡ್ಡಪ್ಪ ಲಗಾಮು ಬಿಗಿ ಹಿಡಿದ. ಆಮೇಲೆ ಕೆಳಗೆ ದೊಡ್ಡಮ್ಮನ ಮುಖ ನೋಡಿದ. ಹಿಡಿದದ್ದನ್ನು ಸಡಿಲ ಬಿಟ್ಟ. ಗಂಟೆ ಬಾರಿಸಿದರು. ಮೈಕಿನಲ್ಲಿ ಅವನು ಸೋತ ಸುದ್ದಿ ಹೇಳಿದರು. ಆವತ್ತು ಅವನು ಯಾರೊಂದಿಗೂ ಜಗಳ ತೆಗೆಯಲಿಲ್ಲ.

ದೊಡ್ಡಮ್ಮ ಗುಲಾಬಿಯ ಹಣೆಗೆ ಕುಂಕುಮ ಹಚ್ಚಿ ಆರತಿ ಎತ್ತಿದಳು. ಆಮೇಲೆ ತಟ್ಟೆಯನ್ನು ಇನ್ನಷ್ಟು ಮೇಲೆತ್ತಿ, ಹೆಲ್ಮೆಟ್ ವಾರೆಯಾಗಿ ಬೆವೆತು ಕೂತಿದ್ದ ಗಂಡನಿಗೂ ಬೆಳಗಿದಳು. ಕಣ್ಣೀರು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.

"ಅಂತೂ ಬಂದ್ರಲ್ರೀ," ಅಂದಳು, "ಕುದುರಿ ಮ್ಯಾಲೆ."

ಬೆಲ್ಲ ತಿಂದ ಗುಲಾಬಿ ತಾನಾಗಿಯೇ ತಿರುಗಿ, ಮೆಲ್ಲಗೆ ಹೆಜ್ಜೆ ಹಾಕುತ್ತ ಗೆರೆ ದಾಟಿತು. ದೊಡ್ಡಪ್ಪನಿಗೆ ಅದು ಗೊತ್ತೇ ಆಗಲಿಲ್ಲ. ಅವನು ಜೀನಿನ ಮೇಲೆ ಹಿಂದಕ್ಕೆ ಹೊರಳಿ ದೊಡ್ಡಮ್ಮನನ್ನೇ ನೋಡುತ್ತಿದ್ದ.