ದೋಸೆ ಹಿಟ್ಟಿಗೊಂದು ಬ್ಯಾಟರಿ

ನಮ್ಮ ಮನೆಗೆ ಯಾವ ಹೊಸ ಸಾಮಾನೂ ಒಂಟಿಯಾಗಿ ಬಂದದ್ದಿಲ್ಲ; ಜೊತೆಗೊಂದು ಪಜೀತಿಯನ್ನು ಕೈ ಹಿಡಿದು ಕರೆದುಕೊಂಡೇ ಬರುತ್ತದೆ. ಗ್ರೈಂಡರ್ ತಂದ ದಿನ ಅದನ್ನು ಒಳಗೆ ತರಲು ಬಾಗಿಲ ಚೌಕಟ್ಟನ್ನೇ ಕಿತ್ತೆವು. ಫ್ರಿಜ್ ಬಂದ ವಾರ ನಮ್ಮತ್ತೆ ಬೆಳ್ಳಿ ದೀಪಗಳನ್ನು ಅದರೊಳಗೆ ಬಚ್ಚಿಟ್ಟಿದ್ದರು, ಕಳ್ಳ ಅಲ್ಲಿ ಹುಡುಕುವುದಿಲ್ಲವಂತೆ. ಇನ್ನು ಬ್ಯಾಟರಿ ಸುಮ್ಮನೆ ಬಂದೀತೇ?

ನನ್ನ ಕಸುಬು ದೋಸೆ ಹಿಟ್ಟು ಮಾರುವುದು. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆ ಪಕ್ಕದ ಊರು ನಮ್ಮದು. ವಿಮಾನ ನಿಲ್ದಾಣ ಬಂದ ಮೇಲೆ ಊರಿನ ಬಾಡಿಗೆ ಕೋಣೆಗಳೆಲ್ಲ ತುಂಬಿ, ರುಬ್ಬಲು ಪುರುಸೊತ್ತಿಲ್ಲದ ಜನ ಸೇರಿಕೊಂಡರು. ಒಂದು ಒರಳುಕಲ್ಲಿನಿಂದ ಶುರು ಮಾಡಿದವಳು ಎರಡು ಗ್ರೈಂಡರ್, ಎರಡು ಫ್ರಿಜ್ಜಿನ ತನಕ ಬಂದೆ. ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸು. ಉಳಿದದ್ದನ್ನೆಲ್ಲ ಕೈಗೆ ಸಿಕ್ಕಿದ ಕಾಗದ ಓದಿಯೇ ಕಲಿತೆ. ಕೊಂಡ ವಸ್ತುವಿನ ಜೊತೆ ಬರುವ ಪುಸ್ತಕವನ್ನು ಕೊನೆಯ ಪುಟದವರೆಗೂ ಓದುವ ಹೆಂಗಸು ಈ ಹೋಬಳಿಯಲ್ಲಿ ನಾನೊಬ್ಬಳೇ ಇರಬೇಕು.

ಹೀಗಿರುವಾಗ ನಿಲ್ದಾಣದ ಕಡೆಯ ಒಂದು ಕಾರ್ಮಿಕರ ಕ್ಯಾಂಟೀನಿನಿಂದ ದೊಡ್ಡ ಆರ್ಡರ್ ಬಂತು. ದಿನಾ ಬೆಳಿಗ್ಗೆ ಆರಕ್ಕೆ ಮುಂಚೆ ಎಂಟು ಡಬ್ಬ ಹಿಟ್ಟು. ಅಲ್ಲಿನ ಭಟ್ಟರು ಮೊದಲ ದಿನವೇ ಹೇಳಿಬಿಟ್ಟರು: "ಒಂದ್ ದಿನ ಹಿಟ್ಟು ಕೆಟ್ರೂ ಬೇರೆಯವರ ಹತ್ರ ಹೋಗ್ತೀವಿ ಕಣಮ್ಮಾ, ಆಮೇಲೆ ಬೇಜಾರ್ ಮಾಡ್ಕೋಬೇಡಿ."

ನಮ್ಮೂರ ಕರೆಂಟಿನ ಮೇಲೆ ನಂಬಿಕೆಯಿಟ್ಟು ಒಪ್ಪಿಕೊಳ್ಳುವ ಮಾತೇ ಅದು?

ಸೂರ್ಯನ ನೌಕರಿ

ಕರೆಂಟಿನ ಹಂಗೇ ಬೇಡ ಎಂದು ತಾರಸಿಯ ಮೇಲೆ ಸೋಲಾರ್ ಹಾಕಿಸಿದೆ. ಹಾಕಿಸಿ ಹತ್ತು ದಿನವಾಗಿರಲಿಲ್ಲ, ನೆತ್ತಿ ಸುಡುವ ಮಧ್ಯಾಹ್ನ ಕರೆಂಟ್ ಹೋಯಿತು. ಜೊತೆಗೇ ಫ್ರಿಜ್ಜೂ ನಿಂತಿತು! ಮೇಲೆ ಹೋಗಿ ನೋಡಿದರೆ ಫಲಕಗಳು ಮದುವೆಮನೆಯ ಕನ್ನಡಿಯ ಹಾಗೆ ಫಳಫಳ ಅನ್ನುತ್ತಿವೆ. ಹಾಕಿಸಿದವನಿಗೆ ಫೋನ್ ಮಾಡಿ ಬೈದೆ.

"ಅಮ್ಮಾ, ಲೈನ್ ಕರೆಂಟ್ ಹೋದ್ರೆ ಇದೂ ತಾನಾಗೇ ನಿಂತ್ಕೊಳ್ಳುತ್ತೆ. ಕಂಬದ ಮೇಲೆ ಲೈನ್‌ಮ್ಯಾನ್ ಇರ್ತಾನಲ್ಲ, ನಿಮ್ಮನೆ ಕರೆಂಟ್ ಹೋಗಿ ಅವನಿಗೆ ಹೊಡೆದ್ರೆ? ಬ್ಯಾಟರಿ ಹಾಕ್ಸಿ, ಆಗ ನಿಮ್ಮದು ನಿಮಗೇ ಉಳಿಯುತ್ತೆ."

ಪಕ್ಕದ ಮನೆಯಾಕೆ ಗೋಡೆಯ ಮೇಲೆ ಗಲ್ಲ ಊರಿಕೊಂಡು ಎಲ್ಲ ಕೇಳಿಸಿಕೊಂಡಳು. ಕೈ ಅಡ್ಡ ಹಿಡಿದು ಆಕಾಶ ನೋಡಿ ನಿಟ್ಟುಸಿರು ಬಿಟ್ಟಳು.

"ಅಯ್ಯೋ, ಸೂರ್ಯನೂ ಇಲಾಖೆಗೆ ಸೇರ್ಬಿಟ್ನಾ ಅಕ್ಕಾ? ಇನ್ನು ಎರಡನೇ ಶನಿವಾರ ಬೆಳಕೇ ಆಗಲ್ಲ ಬಿಡಿ!"

ಕೊಡೆ ಹಿಡಿಯಲು ಬಂದವರು

ದೊಡ್ಡಬಳ್ಳಾಪುರದ ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಬಾಗಿಲ ಕಡೆಗೇ ನೋಡಿದರು. "ಯಜಮಾನ್ರನ್ನ ಕರ್ಕೊಂಡು ಬನ್ನಿ ಅಮ್ಮಾ, ಇದು ಸ್ವಲ್ಪ ಟೆಕ್ನಿಕಲ್ಲು."

ನಾನು ಹಟದವಳು. ಮಾರನೆಯ ದಿನ ಯಜಮಾನರನ್ನೇ ಎದುರಿಗೆ ಕೂರಿಸಿದೆ. ಅಂಗಡಿಯವರಿಗೆ ಪ್ರಾಣ ಬಂತು. ನೀರು ಹಾಕುವ ಹಳೇ ತರದ್ದು, ನೀರು ಬೇಡದ ಲಿಥಿಯಂ, ಅದರ ಆಯಸ್ಸು, ಇದರ ತೂಕ ಅಂತ ಅರ್ಧ ಗಂಟೆ ಹೇಳಿದರು. ನಮ್ಮವರು ಹರಿಕಥೆ ಕೇಳುವವರ ಹಾಗೆ ತಲೆದೂಗಿದರು. ನಡುವೆ ನಾನು ಕೇಳಿದೆ, "ತುಂಬಿದ ಬ್ಯಾಟರಿಯನ್ನ ಎಷ್ಟರ ತನಕ ಖಾಲಿ ಮಾಡಬಹುದು?"

"ಖಾಲಿ ಯಾಕಮ್ಮಾ ಮಾಡ್ತೀರಾ? ತುಂಬಿಸೇ ಇಟ್ಕೊಳ್ಳಿ!"

ಹಳೇ ತರದ್ದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ, ಲಿಥಿಯಂ ಆದರೆ ಮುಕ್ಕಾಲಿಗಿಂತ ಹೆಚ್ಚು ಬಳಸಬಹುದು ಎಂದು ನಾನು ಓದಿಕೊಂಡೇ ಹೋಗಿದ್ದೆ. ಎರಡು ಫ್ರಿಜ್ ಎಂಟು ಗಂಟೆ ಓಡಲು ಎಷ್ಟು ಯೂನಿಟ್ ಬೇಕು ಅನ್ನುವ ಲೆಕ್ಕ ಅಂಗೈಯಲ್ಲೇ ಬರೆದುಕೊಂಡಿದ್ದೆ. ಅಂಗೈ ತೋರಿಸಿದೆ. ಅಂಗಡಿಯವರು ಅದನ್ನು ನೋಡಿ, ಗಾಬರಿಯಿಂದ ಯಜಮಾನರ ಕಡೆ ತಿರುಗಿದರು. "ಏನ್ ಸಾರ್, ಯಾವುದು ಮಾಡೋಣ?"

ನಮ್ಮವರು ನಿಧಾನವಾಗಿ ಎದ್ದು ನಿಂತರು.

"ಅದೆಲ್ಲ ಅವಳಿಗೆ ಹೇಳಿ ಸಾರ್. ಬಿಸಿಲು ಅಂತ ಕೊಡೆ ಹಿಡಿಯೋಕೆ ಬಂದಿರೋನು ನಾನು."

ಬೆಂಕಿಯೋ ನೀರೋ

ಲಿಥಿಯಮ್ಮಿಗೆ ಮುಂಗಡ ಕೊಟ್ಟು ಮನೆಗೆ ಬಂದರೆ ಸೂಲಿಬೆಲೆಯಿಂದ ನಮ್ಮ ಭಾವ ಬಂದು ಕೂತಿದ್ದರು, ಕೈಯಲ್ಲಿ ದಿಕ್ಸೂಚಿ. ವಾಸ್ತು ಹೇಳುವುದರಲ್ಲಿ ಅವರು ನಮ್ಮ ವಂಶಕ್ಕೇ ದೊಡ್ಡವರು.

"ಬ್ಯಾಟ್ರಿ ಅಂದ್ರೆ ಬೆಂಕಿ ಕಣಮ್ಮಾ. ಆಗ್ನೇಯಕ್ಕೇ ಇಡ್ಬೇಕು."

"ಅಲ್ಲಿ ಒಲೆ ಇದೆ ಭಾವ. ಬಿಸಿ ಜಾಗದಲ್ಲಿ ಇಡಬಾರದು ಅಂತ ಪುಸ್ತಕದಲ್ಲಿದೆ. ಅದೂ ಅಲ್ದೆ ಕೆಲವಕ್ಕೆ ನೀರು ಹಾಕ್ತಾರೆ."

"ನೀರಾ? ಮೊದಲೇ ಹೇಳ್ಬಾರ್ದಾ? ನೀರಾದ್ರೆ ಈಶಾನ್ಯ!"

ಈಶಾನ್ಯದಲ್ಲಿ ದೇವರ ಮನೆ. ಅತ್ತೆ ಒಳಗಿಂದಲೇ ಕೂಗಿದರು, "ದೇವರ ಪಕ್ಕಕ್ಕೆ ಆಸಿಡ್ ತಂದಿಡ್ತೀಯೇನೋ? ನಿನಗೇನ್ ಬಂದಿದೆ ರೋಗ?"

ಭಾವ ದಿಕ್ಸೂಚಿ ಹಿಡಿದು ಎರಡು ಮೂಲೆಗಳ ನಡುವೆ ಆರು ಸಲ ಓಡಾಡಿದರು. ಕಾಫಿ ಆರಿತು. ಕೊನೆಗೆ ಹಣೆ ಒರೆಸಿಕೊಂಡು ತೀರ್ಪು ಕೊಟ್ಟರು: "ಅತ್ಲಾಗೆ ಬೆಂಕಿನೂ ಅಲ್ಲ, ಇತ್ಲಾಗೆ ನೀರೂ ಅಲ್ಲ, ಅಂಥದ್ದು ಯಾವುದಾದ್ರೂ ಇದ್ರೆ ತಗೊಳಮ್ಮಾ."

"ನೀವು ಹೇಳಿದ ಹಾಗೇ ಆಗಲಿ ಭಾವ" ಎಂದೆ. ನನ್ನ ಬಾಯಲ್ಲಿ ಈ ಮಾತು ಮದುವೆಯಾದ ಮೇಲೆ ಅವರು ಕೇಳಿದ್ದು ಇದೇ ಮೊದಲು. ಈಗ ಸೂಲಿಬೆಲೆಯಲ್ಲಿ ಯಾರು ಬ್ಯಾಟರಿ ತರಲಿ, ಮೊದಲು ಅವರನ್ನು ಕರೆಸಿ ಕಾಫಿ ಕೊಡುತ್ತಾರಂತೆ.

ಮೊದಲ ಪರೀಕ್ಷೆ

ಬ್ಯಾಟರಿ ಬಂದು ನಡುಮನೆಯ ಗೋಡೆಗೆ ಅಂಟಿತು. ಅರಿಶಿನ ಕುಂಕುಮ ಇಟ್ಟೆವು. ಆಮೇಲೆ ಶುರುವಾಯಿತು ನನ್ನ ಸಂಕಟ. ಕರೆಂಟ್ ಹೋಗಲೇ ಒಲ್ಲದು! ವರ್ಷವಿಡೀ ಶಪಿಸಿದವಳು, ಕರೆಂಟ್ ಹೋಗಲಪ್ಪಾ ಎಂದು ಐದು ದಿನ ಹರಕೆ ಹೊತ್ತೆ. ಆರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಕ್ಯಾಂಟೀನಿನ ಹಿಟ್ಟನ್ನು ರುಬ್ಬಿ ಡಬ್ಬಕ್ಕೆ ತುಂಬುತ್ತಿದ್ದಾಗ, ಹೋಯಿತು!

"ಹೋಯ್ತು! ಹೋಯ್ತು!" ಎಂದು ಕುಣಿದುಬಿಟ್ಟೆ. ಊರೆಲ್ಲ ಸ್ತಬ್ಧ, ನನ್ನ ಫ್ರಿಜ್ ಮಾತ್ರ ಗುಂಯ್ ಅನ್ನುತ್ತಿದೆ. ಎಂಟೂ ಡಬ್ಬ ಎತ್ತಿ ಒಳಗಿಟ್ಟೆ. ಪಕ್ಕದ ಮನೆಯಾಕೆ ಬಂದಳು, ಅವಳ ಹಿಂದೆ ಬೀದಿಯ ಹೆಂಗಸರೆಲ್ಲ ಬಂದರು. ಒಬ್ಬೊಬ್ಬರ ಕೈಯನ್ನೂ ಡಬ್ಬಕ್ಕೆ ತಾಗಿಸಿದೆ. "ಮುಟ್ಟಿ ನೋಡ್ರೇ, ಹೆಂಗೆ ತಣ್ಣಗಿದೆ!" ಎಲ್ಲರೂ ಮುಟ್ಟಿದರು, ಎಲ್ಲರೂ ಹೊಗಳಿದರು. ಸಂಜೆ ಕರೆಂಟ್ ಬಂದಾಗಲೂ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಬೆಳಿಗ್ಗೆ ಭಟ್ಟರು ಬಂದು ಮುಚ್ಚಳ ತೆಗೆದರು. ಸೌಟಿನಲ್ಲಿ ತಿರುವಿದರು. ಮೂಸಿದರು.

"ಅಮ್ಮಾ, ಇದು ಉಬ್ಬೇ ಇಲ್ವಲ್ಲ?"

ರುಬ್ಬಿದ ಹಿಟ್ಟು ಏಳೆಂಟು ಗಂಟೆ ಹೊರಗಿದ್ದು ಹುದುಗಿದ ಮೇಲಲ್ಲವೇ ಫ್ರಿಜ್ಜಿಗೆ ಹೋಗಬೇಕಾದದ್ದು? ಬ್ಯಾಟರಿಯ ಸಂಭ್ರಮದಲ್ಲಿ ಹಸೀ ಹಿಟ್ಟನ್ನೇ ಇಟ್ಟಿದ್ದೆ. ಹುಟ್ಟಿದಾಗಿನಿಂದ ದೋಸೆ ಹುಯ್ದ ಅಷ್ಟು ಹೆಂಗಸರು ಮುಟ್ಟಿ ನೋಡಿದರು, ಒಬ್ಬಳಿಗೂ ಹೊಳೆಯಲಿಲ್ಲ! ಆರ್ಡರ್ ಕೈಬಿಟ್ಟಿತು ಎಂದುಕೊಂಡೆ. ಆದರೆ ತಪ್ಪಾಯಿತು ಅನ್ನುವುದು ನನ್ನ ನಾಲಿಗೆಗೆ ಹೊರಳದ ಮಾತು.

"ಬೇಕು ಅಂತಲೇ ಹಂಗೆ ಮಾಡಿರೋದು ಭಟ್ರೇ. ಈರುಳ್ಳಿ, ಹಸಿಮೆಣಸಿನಕಾಯಿ, ಒಂದು ಸೌಟು ಮೊಸರು ಹಾಕಿ ತೆಳ್ಳಗೆ ಹುಯ್ಯಿ. ಯಾರಾದ್ರೂ ಕೇಳಿದ್ರೆ ಹೊಸ ತರ ಅನ್ನಿ."

ಭಟ್ಟರು ನನ್ನನ್ನೂ ಹಿಟ್ಟನ್ನೂ ಎರಡೆರಡು ಸಲ ನೋಡಿ ಹೊರಟರು. ಅವತ್ತಿಡೀ ಅನ್ನ ಸೇರಲಿಲ್ಲ. ಸಂಜೆ ಖಾಲಿ ಡಬ್ಬಗಳ ಜೊತೆ ಅವರೇ ಬಂದರು. ಮನೆಯವರೆಲ್ಲ ಸುತ್ತ ನಿಂತೆವು.

"ನಾಳೆಯಿಂದ ಆ ಹಳೇ ಹಿಟ್ಟು ಬೇಡ ಅಮ್ಮಾ."

ನಾನು ಖಾಲಿ ಡಬ್ಬಗಳನ್ನು ಎಣಿಸತೊಡಗಿದೆ.

"ಇವತ್ತು ಕೊಟ್ರಲ್ಲ, ಅದನ್ನೇ ಕೊಡಿ. ಹೊಟ್ಟೆ ಉರಿಯಲ್ಲ ಅಂತ ಇನ್ನೆರಡು ಹಾಕಿಸ್ಕೊಂಡು ತಿಂದ್ರು ಜನ. ಆದ್ರೆ ಒಂದು ಮಾತು, ಫ್ರಿಜ್ಜಲ್ಲಿ ಮಾತ್ರ ಇಡಬೇಡಿ, ತಣ್ಣಗಿದ್ರೆ ಕಾವಲಿ ಮೇಲೆ ಹರಡಲ್ಲ. ಬೆಳಿಗ್ಗೆ ಆಗಷ್ಟೇ ರುಬ್ಬಿ, ಹಂಗೇ ಕೊಟ್ಬಿಡಿ."

ಭಟ್ಟರು ಹೋದರು. ಅತ್ತೆ ಕುಂಕುಮ ಹಚ್ಚಿದ ಬ್ಯಾಟರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದರು:

"ಹಂಗಾದ್ರೆ ಇದನ್ನ ಯಾತಕ್ಕೆ ತಂದೆ?"

ನಾನು ಸೆರಗು ಸರಿಮಾಡಿಕೊಂಡೆ. ತಾರಸಿಯ ಮೇಲೆ ವಿಮಾನ ಹಾಯುವ ತನಕ ಕಾದು, ಅದರ ಗದ್ದಲದಲ್ಲಿ ಸವಿಸ್ತಾರವಾಗಿ ಉತ್ತರ ಕೊಟ್ಟೆ.